ಅತ್ತೆಯ ಉಷ್ಣ, ಮೈಸೂರಿನ ಗಾಜು

ಹರವೆಯ ಸೋದರತ್ತೆಯ ಮನೆಯಲ್ಲಿ ಅರಿಸಿನ ಬೇಯಿಸುವ ದಿನಗಳಂದು ಹಿತ್ತಿಲ ತುಂಬ ಹೆಂಗಸರು. ಕೊಪ್ಪರಿಗೆಯ ಹಬೆಯ ನಡುವೆ ಯಾರಾದರೂ ತಗ್ಗಿದ ದನಿಯಲ್ಲಿ, 'ಬಿಳಿ ಹೋಯ್ತದೆ, ಸೊಂಟ ನಿಲ್ಲಲ್ಲ' ಅನ್ನುವರು. ಅತ್ತೆಯ ಉತ್ತರ ಒಂದೇ: 'ಉಷ್ಣ ಕನವ್ವ, ಎಳನೀರು ಕುಡಿ.' ಅಲ್ಲಿಗೆ ಮಾತು ಮುಗಿಯುತ್ತಿತ್ತು. ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ ಎಂಬುದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆ 'ಬಿಳಿ'ಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು 1955ರ ಒಂದು ಪ್ರಯೋಗ. ಅದಕ್ಕೂ ಮುಂಚೆ, 1892ರಲ್ಲಿ, ಜರ್ಮನಿಯ ವೈದ್ಯ ಡೋಡರ್ಲೈನ್ ಆರೋಗ್ಯವಂತ ಹೆಂಗಸರ ಯೋನಿಯಲ್ಲಿ ಹುಳಿ ಹುಟ್ಟಿಸುವ ಬ್ಯಾಕ್ಟೀರಿಯಾಗಳಿವೆ ಎಂದು ತೋರಿಸಿದ್ದರು. ಹಾಲನ್ನು ಮೊಸರಾಗಿಸುವ ಲ್ಯಾಕ್ಟೊಬ್ಯಾಸಿಲಸ್ ಬಳಗದವೇ ಅವು. ಆ ಹುಳಿಯೇ ಅಲ್ಲಿನ ಮೊದಲ ಕಾವಲು.

1955ರ ಪ್ರಯೋಗ ಮಾಡಿದ ಅಮೆರಿಕದ ಹ್ಯೂಸ್ಟನ್ನಿನ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ ಬಿಳಿ ಹೋಗುವ ಈ ತೊಂದರೆಗೆ ಒಂದೇ ಒಂದು ಸೂಕ್ಷ್ಮಾಣು ಕಾರಣವೆಂದು ಪಟ್ಟು ಹಿಡಿದಿದ್ದರು. ಅದನ್ನು ಬೇರೆಯಾಗಿ ಬೆಳೆಸಿ 13 ಆರೋಗ್ಯವಂತ ಹೆಂಗಸರಿಗೆ ಹಾಕಿದರು. ಕಾಯಿಲೆ ಬಂದದ್ದು ಒಬ್ಬರಿಗೆ. ಕಾಯಿಲೆಯವರ ಸ್ರಾವವನ್ನೇ ನೇರ ತೆಗೆದು 15 ಮಂದಿಗೆ ಹಾಕಿದಾಗ 11 ಮಂದಿಗೆ ಬಂತು. ಆರೋಗ್ಯವಂತರ ಮೈಗೆ ಬೇಕೆಂದೇ ಕಾಯಿಲೆ ಹಚ್ಚಿದ ಈ ಕೆಲಸ ಓದುವಾಗ ಮೈ ಉರಿಯುತ್ತದೆ. ಆದರೆ ಆ ಲೆಕ್ಕವೇ ಅವರ ವಾದವನ್ನು ಅಲುಗಾಡಿಸುತ್ತಿತ್ತು: ಕಳ್ಳ ಒಬ್ಬನಲ್ಲ, ಗುಂಪು. ಹುಳಿ ಕಾಯುವವರು ಸರಿದರೆ ಹತ್ತಾರು ಬಗೆಯವು ಒಟ್ಟಿಗೆ ನೆಲೆಯೂರುತ್ತವೆ. ಇಂದು ಅದನ್ನು ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತೇವೆ.

ಸೋಂಕೆಂದರೆ ಊತ, ಕೆಂಪು, ಕೀವು ಎಂದು ನಮಗೆ ಗೊತ್ತು. ಇಲ್ಲಿ ಅದೇನೂ ಎದ್ದು ಕಾಣದು, ಬಿಳಿ ರಕ್ತಕಣಗಳು ದಂಡುಗಟ್ಟಿ ಬರುವುದಿಲ್ಲ. ಈ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಸಿಯಾಲಿಡೇಸ್ ಎಂಬ ಕಿಣ್ವ ಅಲ್ಲಿನ ಲೋಳೆಯನ್ನೂ ಕಾವಲಿನ ಪ್ರತಿಕಾಯಗಳನ್ನೂ ಕತ್ತರಿಸುತ್ತದೆ. ಎಚ್‌ಐವಿಯಂಥವಕ್ಕೆ ದಾರಿ ಸಲೀಸಾಗುವುದಕ್ಕೆ ಇದೂ ಒಂದು ಕಾರಣವಿರಬಹುದು. ಗದ್ದಲವಿಲ್ಲದ ಈ ಕಾಯಿಲೆಯನ್ನು ಹೆಂಗಸರು ವರ್ಷಗಟ್ಟಲೆ ಹೊತ್ತು ತಿರುಗಿದ್ದರಲ್ಲಿ ಆಶ್ಚರ್ಯವೇನು?

ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ವರದಿ ಬರೆದರು. ಶೇ 92ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 8 ಮಾತ್ರ.

ನಮ್ಮ ಕಡೆಯೂ ಗಾಜಿನ ಪಟ್ಟಿ ಹಿಡಿದು ಇಂಥದೊಂದು ಪರೀಕ್ಷೆ ನಡೆಯಿತು. 2005–06ರಲ್ಲಿ ಪೂರ್ಣಿಮಾ ಮಧಿವಾಣನ್ ಮತ್ತು ಸಂಗಡಿಗರು ಮೈಸೂರಿನಲ್ಲಿ 15ರಿಂದ 30ರ ವಯಸ್ಸಿನ 898 ಹೆಣ್ಣುಮಕ್ಕಳನ್ನು ಪರೀಕ್ಷಿಸಿದರು. ಸ್ರಾವವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುವ ಕೆಲಸ ಅದು. ಕಾಯಿಲೆಯಿದ್ದರೆ ಅಲ್ಲಿ 'ಕ್ಲೂ ಸೆಲ್' ಸಿಗುತ್ತದೆ: ಮೇಲೆಲ್ಲ ರಾಗಿಹಿಟ್ಟು ಉದುರಿಸಿದ ಹಾಗೆ ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚೇ ಕಾಣದಂತಾದ ಜೀವಕೋಶ. ಮೈಸೂರಿನಲ್ಲಿ ಶೇ 19.1 ಮಂದಿಗೆ ಈ ಕಾಯಿಲೆ ಇತ್ತು. ಜೊತೆಗೆ ಟ್ರೈಕೊಮೊನಾಸ್ ಎಂಬ ಇನ್ನೊಂದು ಸೋಂಕು ಇರುವ ಸಂಭವವೂ ಅವರಲ್ಲಿ ಸುಮಾರು ನಾಲ್ಕು ಪಟ್ಟು.

ಇಲ್ಲೊಂದು ಜಗಳ ಇನ್ನೂ ತೀರಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಲಕ್ಷಣ ಕೇಳಿ ಬಣ್ಣದ ಪೊಟ್ಟಣ ಕೊಡುವ ಪದ್ಧತಿ ಇದೆ. ಬಿಳಿ ಹೋಗುವುದಕ್ಕೆ ಹಸಿರು ಪೊಟ್ಟಣ, ಒಳಗೆ ಸೆಕ್ನಿಡಜೋಲ್, ಫ್ಲುಕೊನಜೋಲ್ ಮಾತ್ರೆಗಳು. ಲ್ಯಾಬ್ ಇಲ್ಲದ ಕಡೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಆದರೆ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ತಂಡ ಕಂಡುಕೊಂಡದ್ದೇ ಬೇರೆ: ಬಿಳಿ ಹೋಗುತ್ತದೆ ಎನ್ನುವ ದೂರಿಗೆ ಸೋಂಕಿಗಿಂತ ಮನಸ್ಸಿನ ಬಳಲಿಕೆಯ ನಂಟೇ ಹೆಚ್ಚು. ಅತ್ತೆಯ 'ಉಷ್ಣ' ಎಂಬ ಒಂದು ಪದದೊಳಗೆ ಸೋಂಕೂ ಇತ್ತು, ದಣಿವೂ ಇತ್ತು. ಅವನ್ನು ಬಿಡಿಸಿ ನೋಡಲು ಗಾಜು ಬೇಕು, ಕೂತು ಕೇಳುವ ಕಿವಿಯೂ ಬೇಕು.

ಹೋದ ವರ್ಷ ಅತ್ತೆಯ ಮಗಳನ್ನು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಗಾಜಿನ ಸುದ್ದಿಯೇ ಬರಲಿಲ್ಲ. ಕೈಗೆ ಬಂದದ್ದು ಹಸಿರು ಪೊಟ್ಟಣ. ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: 'ಅಕ್ಕ, ಇದು ಉಷ್ಣಕ್ಕಾ?'