ಯೂಂಗರ ಮನಶ್ಶಾಸ್ತ್ರವೂ ಮೈಸೂರಿನ ವೇದಾಂತವಿಚಾರವೂ

೧

೧೯೩೭ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಒಂಬತ್ತನೆಯ ಅಂತರರಾಷ್ಟ್ರೀಯ ದರ್ಶನಶಾಸ್ತ್ರ ಸಮ್ಮೇಳನವು ನೆರೆಯಿತು. ಭಾರತದ ಪ್ರತಿನಿಧಿಯಾಗಿ ಅಲ್ಲಿಗೆ ಹೋಗಿದ್ದವರು ಮೈಸೂರಿನ ವಿ. ಸುಬ್ರಹ್ಮಣ್ಯ ಅಯ್ಯರವರು. ಆ ವರ್ಷವೇ ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಮನೋವೈದ್ಯರಾದ ಕಾರ್ಲ್ ಗುಸ್ತಾವ್ ಯೂಂಗರು ಅಯ್ಯರವರನ್ನೂ ಅವರೊಡನಿದ್ದ ಆಂಗ್ಲ ಲೇಖಕ ಪಾಲ್ ಬ್ರಂಟನ್ನರನ್ನೂ ಜ್ಯೂರಿಕ್ ಸರೋವರದ ದಡದ ಕ್ಯೂಸ್‌ನಾಕ್ಟ್ ಗ್ರಾಮದಲ್ಲಿದ್ದ ತಮ್ಮ ಮನೆಗೆ ಬರಮಾಡಿಕೊಂಡು ಭಾರತೀಯ ದರ್ಶನವನ್ನು ಕುರಿತು ಸಂಭಾಷಣೆ ನಡೆಸಿದರು. ಅಲ್ಲಿ ಮೊದಲಾದ ಚರ್ಚೆ ಪತ್ರಗಳ ಮೂಲಕವೂ, ಯೂಂಗರು ಭಾರತಕ್ಕೆ ಬಂದಾಗ ಮುಖಾಮುಖಿಯಾಗಿಯೂ ಮುಂದುವರಿಯಿತು.

ಚರ್ಚೆಯ ತಿರುಳನ್ನು ಒಂದು ಪ್ರಶ್ನೆಯಲ್ಲಿ ಅಡಕಮಾಡಬಹುದು: 'ನಾನು' ಎಂಬ ಅಹಂಕಾರವು ಇಲ್ಲದ ಕಡೆ ಅರಿವು ಇರಬಲ್ಲುದೆ? ಇರಲಾರದೆಂಬುದು ಯೂಂಗರ ಪಕ್ಷ. ಇರುತ್ತದೆಂಬುದು ವೇದಾಂತಿಗಳ ಪಕ್ಷ. ಇದು ಕೇವಲ ಶಬ್ದಕಲಹವಲ್ಲ. ಯೂಂಗರ ಮಾತೇ ನಿಜವಾದರೆ ಸಮಾಧಿಯು ಒಂದು ಬಗೆಯ ಮೂರ್ಛೆಯಾಗುವುದು, ಜ್ಞಾನಿಯೂ ರೋಗಿಯೂ ಒಂದೇ ಪಂಕ್ತಿಯಲ್ಲಿ ನಿಲ್ಲುವರು. ವೇದಾಂತಿಗಳ ಮಾತನ್ನು ವಿಮರ್ಶೆಯಿಲ್ಲದೆ ಒಪ್ಪಿದರೆ, ಅಹಂಕಾರದ ಕಟ್ಟು ಕಳಚಿ ನರಳುತ್ತಿರುವ ರೋಗಿಯನ್ನೇ ಜ್ಞಾನಿಯೆಂದು ಭ್ರಮಿಸುವ ಅಪಾಯವುಂಟು. ಆದಕಾರಣ ಎರಡು ಪಕ್ಷಗಳನ್ನೂ ಅವುಗಳ ಮೂಲದಿಂದ ಪರಿಶೀಲಿಸುವುದು ಯುಕ್ತವಾಗಿದೆ.

೨

ಯೂಂಗರು ೧೮೭೫ನೆಯ ಇಸವಿ ಜುಲೈ ೨೬ರಂದು ಸ್ವಿಟ್ಜರ್ಲೆಂಡಿನ ಕೆಸ್‌ವಿಲ್ ಗ್ರಾಮದಲ್ಲಿ ಜನಿಸಿದರು. ತಂದೆ ಪ್ರಾಟೆಸ್ಟಂಟ್ ಪಾದ್ರಿ. ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಮುಗಿಸಿ, ೧೯೦೦ರ ಕೊನೆಯಲ್ಲಿ ಜ್ಯೂರಿಕ್ಕಿನ ಬುರ್ಗ್‌ಹೋಲ್ಜ್ಲಿ ಎಂಬ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಯೂಜೆನ್ ಬ್ಲಾಯ್ಲರರ ಕೈಕೆಳಗೆ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗೆ ಕೀರ್ತಿಯನ್ನು ತಂದುದು ಪದಸಂಯೋಗ ಪರೀಕ್ಷೆ. ಪರೀಕ್ಷಕನು ಒಂದೊಂದಾಗಿ ಪದಗಳನ್ನು ಹೇಳುತ್ತಾನೆ. ಕೇಳಿದವನು ತತ್‌ಕ್ಷಣ ಹೊಳೆದ ಪದವನ್ನು ಹೇಳಬೇಕು. ಕೆಲವು ಪದಗಳಿಗೆ ಉತ್ತರವು ತಡವಾಗುತ್ತದೆ, ಇಲ್ಲವೆ ತೊದಲುತ್ತದೆ. ತಡವಾದುದೇಕೆಂದು ಕೇಳಿದರೆ ಉತ್ತರ ಕೊಟ್ಟವನಿಗೇ ತಿಳಿಯದು. ಮನಸ್ಸಿನ ಒಳಗೆ ಭಾವದಿಂದ ಬಿಗಿದ ಗಂಟುಗಳಿದ್ದು ಅವು ಮನುಷ್ಯನ ಇಚ್ಛೆಗೆ ಒಳಪಡದೆ ತಾವಾಗಿಯೇ ವರ್ತಿಸುತ್ತವೆಂದು ಯೂಂಗರು ಇದರಿಂದ ನಿರ್ಣಯಿಸಿದರು. ಇವುಗಳನ್ನೇ ಮನೋಗ್ರಂಥಿಗಳೆಂದು ಕರೆಯುವುದು.

ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡರನ್ನು ಯೂಂಗರು ೧೯೦೭ರಲ್ಲಿ ಮೊದಲು ಕಂಡರು. ಸ್ನೇಹವು ಬಹುಬೇಗ ಬೆಳೆಯಿತು; ೧೯೧೦ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಂಘಕ್ಕೆ ಯೂಂಗರೇ ಮೊದಲ ಅಧ್ಯಕ್ಷರಾದರು. ಆದರೆ ಚಿತ್ತಶಕ್ತಿಯೆಲ್ಲವೂ ಕಾಮಮೂಲವೆಂಬ ಫ್ರಾಯ್ಡರ ಸಿದ್ಧಾಂತವನ್ನು ಅವರು ಪೂರ್ಣವಾಗಿ ಒಪ್ಪಲಾರದೆ ಹೋದರು. ೧೯೧೨ರಲ್ಲಿ ಪ್ರಕಟವಾದ ಅವರ ಗ್ರಂಥವು ಭೇದವನ್ನು ಬಯಲುಮಾಡಿತು; ೧೯೧೩ರಲ್ಲಿ ಸ್ನೇಹವು ಮುರಿಯಿತು. ಆಮೇಲಿನ ಕೆಲವು ವರ್ಷಗಳಲ್ಲಿ ಯೂಂಗರು ಸ್ವಪ್ನಗಳಿಗೂ ಜಾಗ್ರತ್ತಿನ ದರ್ಶನಗಳಿಗೂ ತಮ್ಮನ್ನು ಒಪ್ಪಿಸಿಕೊಂಡು, ಕಂಡುದನ್ನೆಲ್ಲ ಬರೆದು, ಚಿತ್ರಿಸಿ, ಕೆಂಪು ಚರ್ಮದ ಹೊದಿಕೆಯ ದೊಡ್ಡದೊಂದು ಪುಸ್ತಕಕ್ಕೆ ಇಳಿಸಿದರು. ಆ ಪುಸ್ತಕವು ಅಚ್ಚಾದುದು ಅವರು ತೀರಿಕೊಂಡು ಬಹುಕಾಲವಾದ ಮೇಲೆ, ೨೦೦೯ರಲ್ಲಿ. ಈ ಕಾಲದಲ್ಲಿ ತಮ್ಮ ಅಹಂಕಾರವು ಎಲ್ಲಿ ಕೊಚ್ಚಿಹೋಗುವುದೋ ಎಂಬ ಭಯವನ್ನು ಅವರು ಸ್ವತಃ ಅನುಭವಿಸಿದ್ದರು. ಮುಂದಿನ ಚರ್ಚೆಯಲ್ಲಿ ಅವರು ಅಹಂಕಾರದ ಪಕ್ಷವನ್ನು ಅಷ್ಟು ಬಿಗಿಯಾಗಿ ಹಿಡಿದುದನ್ನು ತಿಳಿಯಲು ಈ ಸಂಗತಿಯೂ, ಆಸ್ಪತ್ರೆಯಲ್ಲಿ ಅವರು ಕಂಡ ರೋಗಿಗಳ ಸ್ಥಿತಿಯೂ ನೆನಪಿನಲ್ಲಿರಬೇಕು.

೩

ಯೂಂಗರ ಸಿದ್ಧಾಂತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮನಸ್ಸಿನಲ್ಲಿ ಪ್ರಜ್ಞೆಯ ಭಾಗವು ಅಲ್ಪ. ಅದರ ಕೇಂದ್ರವೇ ಅಹಂಕಾರ. ಅದರ ಕೆಳಗೆ ವ್ಯಷ್ಟಿ ಅಪ್ರಜ್ಞೆಯುಂಟು. ಒಬ್ಬೊಬ್ಬನೂ ಮರೆತುದು, ಅದುಮಿಟ್ಟುದು ಅಲ್ಲಿ ಸೇರಿರುತ್ತದೆ. ಅದಕ್ಕೂ ಕೆಳಗೆ ಮಾನವಜಾತಿಗೆಲ್ಲ ಸಾಧಾರಣವಾದ ಸಮಷ್ಟಿ ಅಪ್ರಜ್ಞೆಯುಂಟು. ಅದರಲ್ಲಿರುವ ಅಚ್ಚುಗಳು ಮೂಲಪ್ರತಿಮೆಗಳು. ಮಾತೆ, ವೃದ್ಧಜ್ಞಾನಿ, ವೀರ, ದಿವ್ಯಶಿಶು ಮೊದಲಾದ ರೂಪಗಳು ದೇಶದೇಶದ ಪುರಾಣಗಳಲ್ಲಿಯೂ, ಆ ಪುರಾಣಗಳನ್ನು ಓದದವರ ಕನಸುಗಳಲ್ಲಿಯೂ ಕಾಣುವುದಕ್ಕೆ ಇವೇ ಕಾರಣವೆಂದು ಅವರ ಮತ.

ಇದಕ್ಕೆ ಅವರು ಮತ್ತೆಮತ್ತೆ ಕೊಡುತ್ತಿದ್ದ ನಿದರ್ಶನವೊಂದು ಪ್ರಸಿದ್ಧವಾಗಿದೆ. ಬುರ್ಗ್‌ಹೋಲ್ಜ್ಲಿಯ ರೋಗಿಯೊಬ್ಬನು ಸೂರ್ಯಬಿಂಬದಿಂದ ನಳಿಗೆಯಂತಹದೊಂದು ತೂಗುತ್ತಿರುವುದೆಂದೂ ಗಾಳಿಯು ಅದರಿಂದ ಹುಟ್ಟುವುದೆಂದೂ ಹೇಳಿದನು. ಆಮೇಲೆ ನೋಡಿದರೆ ಪ್ರಾಚೀನ ಮಿಥ್ರಪಂಥಕ್ಕೆ ಸೇರಿದುದೆಂದು ಹೇಳಲಾದ ಗ್ರೀಕ್ ಲೇಖವೊಂದರಲ್ಲಿ ಅದೇ ಕಲ್ಪನೆಯಿದ್ದಿತು. ಆ ಲೇಖವು ೧೯೦೩ರಲ್ಲಿಯೇ ಅಚ್ಚಾಗಿದ್ದುದರಿಂದ ಅದರ ವಿಷಯವು ರೋಗಿಯ ಕಿವಿಗೆ ಬಿದ್ದಿರಬಹುದೆಂಬ ಆಕ್ಷೇಪವೂ ಉಂಟು. ಆ ಆಕ್ಷೇಪವು ಅಲಕ್ಷ್ಯಮಾಡತಕ್ಕುದಲ್ಲ. ಆದರೂ ಯೂಂಗರ ವಾದವು ಇದೊಂದೇ ನಿದರ್ಶನದ ಮೇಲೆ ನಿಂತುದಲ್ಲ.

ಪ್ರಜ್ಞೆಯೂ ಅಪ್ರಜ್ಞೆಯೂ ಒಂದರೊಡನೊಂದು ಹೊಂದಿಕೊಂಡು ಮನುಷ್ಯನು ಪೂರ್ಣವ್ಯಕ್ತಿಯಾಗುವುದೇ ಜೀವನದ ಗುರಿಯೆಂದು ಅವರು ಹೇಳಿದರು. ಹಾಗೆ ಪೂರ್ಣವಾದ ಮನಸ್ಸಿನ ಕೇಂದ್ರಕ್ಕೆ 'ಆತ್ಮ' ಎಂಬರ್ಥದ ಜರ್ಮನ್ ಪದವನ್ನು ಇಟ್ಟರು. ಇಲ್ಲಿ ಉಪನಿಷತ್ತುಗಳ ಪ್ರಭಾವವು ಸ್ಪಷ್ಟವಾಗಿದೆ. ೧೯೨೧ರಲ್ಲಿ ಪ್ರಕಟವಾದ, ಮನೋಭೇದಗಳನ್ನು ಕುರಿತ ಅವರ ಗ್ರಂಥದಲ್ಲಿ ಬ್ರಹ್ಮ, ನಿರ್ದ್ವಂದ್ವ ಮುಂತಾದ ಪರಿಭಾಷೆಗಳ ವಿಚಾರವು ವಿಸ್ತಾರವಾಗಿ ಬಂದಿದೆ. ೧೯೩೨ರಲ್ಲಿ ಅವರು ಕುಂಡಲಿನೀ ಯೋಗವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ೧೯೩೬ರಲ್ಲಿ ರಾಮಕೃಷ್ಣ ಸಂಘದ 'ಪ್ರಬುದ್ಧ ಭಾರತ' ಪತ್ರಿಕೆಗೆ ಬರೆದ ಲೇಖನದಲ್ಲಿ, ಐರೋಪ್ಯರು ಯೋಗವನ್ನು ಅಧ್ಯಯನ ಮಾಡಲಿ, ಆದರೆ ಅಭ್ಯಾಸ ಮಾಡುವುದು ಬೇಡವೆಂದು ಎಚ್ಚರಿಸಿದರು. ಹೀಗೆ, ಆದರವೂ ಅನುಮಾನವೂ ಅವರಲ್ಲಿ ಕೂಡಿಯೇ ಇದ್ದುವು.

೪

ಇಂದು ರಾಜೀವನಗರವೇ ಮೊದಲಾದ ಬಡಾವಣೆಗಳವರೆಗೂ ಹಬ್ಬಿರುವ ಮೈಸೂರು ಆ ಕಾಲದಲ್ಲಿ ಇಷ್ಟು ವಿಸ್ತಾರವಾದ ನಗರವಾಗಿರಲಿಲ್ಲ. ಆದರೆ ತತ್ತ್ವವಿಚಾರಕ್ಕೆ ಅದು ಆಗಲೇ ಪ್ರಸಿದ್ಧವಾದ ಕ್ಷೇತ್ರವಾಗಿದ್ದಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ೧೯೧೮ರಿಂದ ೧೯೨೧ರವರೆಗೆ ರಾಧಾಕೃಷ್ಣನ್ನರು ಅಲ್ಲಿ ದರ್ಶನಶಾಸ್ತ್ರದ ಅಧ್ಯಾಪಕರಾಗಿದ್ದರು. ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕವಾದ ವಿಭಾಗವು ತೆರೆಯಿತು. ಭಾರತದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಇದೇ ಎರಡನೆಯದು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಗೋಪಾಲಸ್ವಾಮಿಯವರು ಅಳತೆ ಪ್ರಯೋಗಗಳ ಮಾರ್ಗದವರು. ಮನಸ್ಸನ್ನು ಕುರಿತು ಹೊಸ ಶಾಸ್ತ್ರವೂ ಹಳೆಯ ದರ್ಶನವೂ ಒಂದೇ ಊರಿನಲ್ಲಿ ಹೀಗೆ ನೆರೆಹೊರೆಯಾಗಿದ್ದುವು.

ಸುಬ್ರಹ್ಮಣ್ಯ ಅಯ್ಯರವರು (೧೮೬೯–೧೯೪೯) ಈ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದವರು; ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ವೇದಾಂತವನ್ನು ಬೋಧಿಸಿದವರು. ರಾಮಕೃಷ್ಣ ಆಶ್ರಮದ ಸಂನ್ಯಾಸಿಗಳು ಅವರ ಬಳಿ ಪಾಠ ಕೇಳುತ್ತಿದ್ದರು. ಸ್ವಾಮಿ ನಿಖಿಲಾನಂದರು ಕಾರಿಕೆ ಮತ್ತು ಭಾಷ್ಯಗಳೊಡನೆ ಇಂಗ್ಲಿಷಿಗೆ ಮಾಡಿದ ಮಾಂಡೂಕ್ಯೋಪನಿಷತ್ತಿನ ಅನುವಾದವು ೧೯೩೬ರಲ್ಲಿ ಮೈಸೂರಿನಿಂದ ಹೊರಟಾಗ ಅದಕ್ಕೆ ಮುನ್ನುಡಿ ಬರೆದವರು ಅವರೇ.

ಅಯ್ಯರವರ ಮಾರ್ಗದ ವಿಶೇಷವೇನೆಂದರೆ, ಅವರು ಯೋಗಿಯ ದರ್ಶನಗಳನ್ನಾಗಲಿ ಭಕ್ತನ ಆನಂದವನ್ನಾಗಲಿ ತತ್ತ್ವಕ್ಕೆ ಕೊನೆಯ ಪ್ರಮಾಣವೆಂದು ಎಣಿಸಲಿಲ್ಲ. ಒಬ್ಬನ ದರ್ಶನವು ಮತ್ತೊಬ್ಬನಿಗೆ ಪ್ರಮಾಣವಾಗಲಾರದು. ಸರ್ವರಿಗೂ ಸಮಾನವಾದ ಅನುಭವವೇ ವಿಚಾರಕ್ಕೆ ತಳಹದಿಯಾಗಬೇಕು. ಅಂತಹ ಅನುಭವ ಯಾವುದು? ಜಾಗ್ರತ್ತು, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳು. ಪಾಶ್ಚಾತ್ಯ ದರ್ಶನವು ಎಚ್ಚರವೊಂದನ್ನೇ ಆಧಾರವಾಗಿಟ್ಟುಕೊಂಡು ಜಗತ್ತನ್ನು ಅಳೆಯುತ್ತದೆ; ಮೂರನ್ನೂ ಸಮವಾಗಿ ಪರಿಗಣಿಸದೆ ಸತ್ಯನಿರ್ಣಯವಾಗದು ಎಂಬುದು ಅವರ ನಿಲವು. ೧೯೩೦ರಲ್ಲಿ ಕೆ. ಎ. ಕೃಷ್ಣಸ್ವಾಮಿ ಅಯ್ಯರವರು ವೇದಾಂತವನ್ನು ಕುರಿತು ಪ್ರಕಟಿಸಿದ ಇಂಗ್ಲಿಷ್ ಗ್ರಂಥವೂ ಈ ಅವಸ್ಥಾತ್ರಯವಿಚಾರಕ್ಕೇ ಪ್ರಾಧಾನ್ಯ ಕೊಟ್ಟಿತು.

೫

೧೯೩೮ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವದ ಆಹ್ವಾನದ ಮೇಲೆ ಯೂಂಗರು ೧೯೩೭ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದಿಳಿದರು. ಅಲಹಾಬಾದು, ಬನಾರಸು, ಕಲ್ಕತ್ತೆಗಳ ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಪದವಿಗಳನ್ನಿತ್ತುವು. ಕಲ್ಕತ್ತೆಯಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಭಾರತದಲ್ಲಿದ್ದಷ್ಟು ಕಾಲವೂ ಅವರು ಓದುತ್ತಿದ್ದುದು ಯೂರೋಪಿನ ಹಳೆಯ ರಸವಿದ್ಯೆಯ ಗ್ರಂಥವೊಂದನ್ನು. ಸಾಧುಸಂತರ ದರ್ಶನವನ್ನು ಅವರು ಬೇಕೆಂದೇ ತಪ್ಪಿಸಿದರು. ದಕ್ಷಿಣಕ್ಕೆ ಬಂದರೂ ತಿರುವಣ್ಣಾಮಲೆಗೆ ಹೋಗಿ ರಮಣ ಮಹರ್ಷಿಗಳನ್ನು ಕಾಣಲಿಲ್ಲ. ಇನ್ನೊಬ್ಬರ ಸತ್ಯವನ್ನು ತಾವು ಎತ್ತಿಕೊಂಡರೆ ಅದು ಕಳವಾಗುವುದೆಂಬುದು ಅವರ ಭಾವನೆ.

ಆದರೆ ಮೈಸೂರಿನ ವಿಷಯದಲ್ಲಿ ಹಾಗಾಗಲಿಲ್ಲ. ಮೈಸೂರು ಮಹಾರಾಜರ ಗುರುಗಳಾದ ಸುಬ್ರಹ್ಮಣ್ಯ ಅಯ್ಯರವರೊಡನೆ ಗಾಢವಾದ ಸಂಭಾಷಣೆ ನಡೆದುದನ್ನೂ, ಕೆಲಕಾಲ ಅಲ್ಲಿನ ಆತಿಥ್ಯದಲ್ಲಿದ್ದುದನ್ನೂ ಯೂಂಗರು ತಮ್ಮ ಆತ್ಮವೃತ್ತದಲ್ಲಿ ಸ್ಮರಿಸಿದ್ದಾರೆ. ಸಾಧುಗಳನ್ನು ದೂರವಿಟ್ಟವರು ವಿಚಾರವಾದಿಯನ್ನು ಹತ್ತಿರ ಬರಗೊಟ್ಟುದು ಗಮನಿಸತಕ್ಕ ಸಂಗತಿ. ೧೯೩೭, ೧೯೩೮, ೧೯೩೯ನೆಯ ಇಸವಿಗಳಲ್ಲಿ ಅವರು ಅಯ್ಯರವರಿಗೆ ಬರೆದ ಪತ್ರಗಳು ಅವರ ಪತ್ರಸಂಪುಟದಲ್ಲಿ ಅಚ್ಚಾಗಿವೆ.

೧೯೩೭ರ ಪತ್ರದಲ್ಲಿ ಯೂಂಗರ ವಾದವು ಹೀಗಿದೆ. ಸುಖದುಃಖಾದಿ ದ್ವಂದ್ವಗಳಿಂದ ಬಿಡುಗಡೆ ಪಡೆಯುವುದು ಅಪೇಕ್ಷಣೀಯವೇ. ಆದರೆ ಅದು ಒಂದು ಮಿತಿಯವರೆಗೆ ಮಾತ್ರ ಸಾಧ್ಯ. ದ್ವಂದ್ವಗಳನ್ನು ಸಂಪೂರ್ಣವಾಗಿ ಬಿಟ್ಟವನು ಬದುಕನ್ನೇ ಬಿಟ್ಟಂತೆ. ೧೯೩೯ರಲ್ಲಿ ಪ್ರಕಟವಾದ ಅವರ ಲೇಖನವೊಂದರಲ್ಲಿಯೂ, ಟಿಬೆಟಿನ ಮುಕ್ತಿಗ್ರಂಥವೊಂದಕ್ಕೆ ಅವರು ಬರೆದ ವ್ಯಾಖ್ಯಾನದಲ್ಲಿಯೂ ಇದರ ಇನ್ನೊಂದು ಮುಖವು ಕಾಣುತ್ತದೆ. ಅರಿವೆಂದರೆ ಯಾರಿಗಾದರೂ ಆದ ಅರಿವು. ಅರಿಯುವ ಅಹಂಕಾರವೇ ಅಳಿದಮೇಲೆ ಅರಿವು ಆಯಿತೆಂದು ಹೇಳುವವರು ಯಾರು? ಆದಕಾರಣ ಯೋಗಿಯ ಸಮಾಧಿಯು ಅಪ್ರಜ್ಞೆಗೆ ಸಮಾನವಾದ ಸ್ಥಿತಿಯೇ ಹೊರತು ಉನ್ನತ ಪ್ರಜ್ಞೆಯಲ್ಲ.

೬

ಈ ವಾದವು ಬಲವುಳ್ಳದ್ದು. ಭಾರತಕ್ಕೆ ಇದು ಹೊಸದೂ ಅಲ್ಲ. ನೈಯಾಯಿಕರೂ ಜ್ಞಾನವು ಆತ್ಮನ ಆಗಂತುಕ ಗುಣವೆಂದು ಹೇಳಿ, ಗಾಢನಿದ್ರೆಯಲ್ಲಿ ಜ್ಞಾನವಿಲ್ಲವೆಂದು ಒಪ್ಪುತ್ತಾರೆ. 'ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ' ಎಂದು ಎದ್ದವನು ಹೇಳುವುದು ಅವರ ಪಕ್ಷದಲ್ಲಿ ಸ್ಮರಣೆಯಲ್ಲ, ಅನುಮಾನ. ಅದ್ವೈತಿಗಳಾದರೋ, ಅದು ಸ್ಮರಣೆಯೇ. ಅನುಭವಿಸದುದನ್ನು ಸ್ಮರಿಸುವುದು ಶಕ್ಯವಲ್ಲವಾದ್ದರಿಂದ, ಏನೂ ಇಲ್ಲದಿರುವುದನ್ನು ಬೆಳಗುವ ಸಾಕ್ಷಿಯೊಂದು ನಿದ್ರೆಯಲ್ಲಿಯೂ ಇದ್ದಿತೆಂದು ಸಾಧಿಸುತ್ತಾರೆ. ದೀಪದ ಮುಂದೆ ವಸ್ತುವಿಲ್ಲದ ಮಾತ್ರಕ್ಕೆ ದೀಪವೇ ಆರಿತೆಂದು ಹೇಳಬಾರದು.

ಇಲ್ಲಿ ಎರಡು ಅಂಶಗಳನ್ನು ವಿವೇಚಿಸಬೇಕು. ಮೊದಲನೆಯದು: ಯೂಂಗರ ಖಂಡನೆಯು ಯೋಗಿಯ ಸಮಾಧಿಗೆ ತಗಲುತ್ತದೆ, ಅವಸ್ಥಾತ್ರಯವಿಚಾರಕ್ಕೆ ನೇರವಾಗಿ ತಗಲುವುದಿಲ್ಲ. ಈ ವಿಚಾರಕ್ಕೆ ಬೇಕಾದುದು ಅಸಾಧಾರಣವಾದ ಸಮಾಧಿಯಲ್ಲ, ಬೇಸಾಯಗಾರನಿಗೂ ಕೂಸಿಗೂ ದಿನದಿನವೂ ಬರುವ ನಿದ್ರೆ. ಸಮಾಧಿಯನ್ನು ಕೊನೆಯ ಪ್ರಮಾಣವಾಗಿ ಹಿಡಿಯದ ವಿಷಯದಲ್ಲಿ ಇಬ್ಬರು ಪ್ರತಿವಾದಿಗಳೂ ಒಂದೇ ಕಡೆಯಲ್ಲಿದ್ದರು.

ಎರಡನೆಯದು: ಯೂಂಗರ ಅಪ್ರಜ್ಞೆಯು ವೇದಾಂತಿಗಳ ಸುಷುಪ್ತಿಯಲ್ಲ. ಅವರ ಅಪ್ರಜ್ಞೆಯು ಪ್ರತಿಮೆಗಳಿಂದ ತುಂಬಿದುದು. ಕನಸಿಗೂ ರೋಗಲಕ್ಷಣಕ್ಕೂ ಅದೇ ಕಾರಣ. ಸುಷುಪ್ತಿಯಲ್ಲಿ ಪ್ರತಿಮೆಯೊಂದೂ ಇಲ್ಲ. ಸಾಮ್ಯವನ್ನು ಹುಡುಕುವುದಾದರೆ, ಗೌಡಪಾದರ ಕಾರಿಕೆಯಲ್ಲಿ ಸುಷುಪ್ತಿಯೊಡನೆ ಹೇಳಿರುವ 'ಬೀಜ'ದಲ್ಲಿ ಹುಡುಕಬೇಕು. ವಾಸನೆಗಳು ಬೀಜರೂಪದಲ್ಲಿ ಅಡಗಿದ್ದು, ಸ್ವಪ್ನಜಾಗ್ರತ್ತುಗಳಲ್ಲಿ ಮೊಳೆಯುತ್ತವೆ. ಯೂಂಗರು ತಾವೇ ೧೯೩೫ರಲ್ಲಿ ಕರ್ಮವನ್ನು ಮನಸ್ಸಿನ ಆನುವಂಶಿಕತೆಯೆಂದು ಅರ್ಥಮಾಡಬಹುದೆಂದು ಬರೆದಿದ್ದರು. ಅದು ಈ ಬೀಜದ ಮಾತಿಗೆ ಬಹು ಸಮೀಪವಾಗಿದೆ. ಆದರೆ ಕಾರಿಕೆಯು ಅಲ್ಲಿಗೆ ನಿಲ್ಲುವುದಿಲ್ಲ. ಸುಷುಪ್ತಿಯ ಪ್ರಾಜ್ಞನಲ್ಲಿ ಬೀಜವುಂಟು, ತುರೀಯದಲ್ಲಿ ಬೀಜವಿಲ್ಲ ಎಂದು ಭೇದವನ್ನು ಹೇಳುತ್ತದೆ. ಎಲ್ಲರೂ ಪ್ರತಿರಾತ್ರಿಯೂ ನಿದ್ರಿಸಿ ಬದ್ಧರಾಗಿಯೇ ಏಳುತ್ತಾರೆ. ಅಹಂಕಾರವು ಮುಳುಗಿದ ಮಾತ್ರಕ್ಕೆ ಮುಕ್ತಿಯಾಗುವುದಿಲ್ಲವೆಂಬುದನ್ನು ವೇದಾಂತವೇ ಒಪ್ಪಿಕೊಂಡಿರುವಾಗ, ರೋಗಿಯನ್ನು ಜ್ಞಾನಿಯೆಂದು ಭ್ರಮಿಸುವ ಅಪಾಯಕ್ಕೆ ಅಲ್ಲಿಯೇ ಪ್ರತಿಬಂಧವುಂಟು. ಅತ್ತ, ಯೂಂಗರ 'ಆತ್ಮ'ವು ಅಹಂಕಾರಕ್ಕೆ ಪ್ರತಿಮೆಗಳ ಮೂಲಕ ಗೋಚರಿಸತಕ್ಕದ್ದು. ವೇದಾಂತದ ಆತ್ಮವು ಗೋಚರಿಸತಕ್ಕದ್ದಲ್ಲ, ಗೋಚರಿಸುವುದೆಲ್ಲಕ್ಕೂ ಸಾಕ್ಷಿ. ಹೆಸರು ಒಂದಾದರೂ ವಸ್ತು ಬೇರೆ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರು ಇದನ್ನು ಮರೆಯಬಾರದು. ಯೂಂಗರ ಪದಕ್ಕೆ 'ಸುಷುಪ್ತಿ' ಎಂದಾಗಲಿ, 'ಆತ್ಮ' ಎಂದಾಗಲಿ ವಿವರಣೆಯಿಲ್ಲದೆ ಪ್ರಯೋಗಿಸಿದರೆ ಓದುಗನು ಇಲ್ಲದ ಸಾಮ್ಯವನ್ನು ಕಾಣುತ್ತಾನೆ. ಮಾಂಡೂಕ್ಯವು ಸುಷುಪ್ತನನ್ನು ಪ್ರಜ್ಞಾನಘನನೆಂದು ಕರೆಯುತ್ತದೆ. ಹೊಸ ಶಾಸ್ತ್ರವು ಅದೇ ಸ್ಥಿತಿಯನ್ನು ಅಪ್ರಜ್ಞೆಯೆನ್ನುತ್ತದೆ. ವಿವಾದವೆಲ್ಲವೂ ಈ ಎರಡು ಪದಗಳ ನಡುವೆಯೇ ಇದೆ.

೭

೧೯೪೪ರಲ್ಲಿ ಯೂಂಗರು ಹೃದ್ರೋಗದಿಂದ ಮರಣದ ಅಂಚಿನವರೆಗೆ ಹೋಗಿ ಬಂದರು. ಆ ರೋಗದ ತರುವಾಯ ಅವರು ಕಂಡ ಕನಸೊಂದನ್ನು ಆತ್ಮವೃತ್ತದಲ್ಲಿ ವರ್ಣಿಸಿದ್ದಾರೆ. ಬೆಟ್ಟದ ದಾರಿಯಲ್ಲಿ ನಡೆಯುತ್ತ ಅವರು ಚಿಕ್ಕ ಪ್ರಾರ್ಥನಾಮಂದಿರವೊಂದನ್ನು ಹೊಕ್ಕರು. ಪೀಠದ ಮುಂದೆ ಯೋಗಿಯೊಬ್ಬನು ಪದ್ಮಾಸನದಲ್ಲಿ ಕುಳಿತು ಧ್ಯಾನಿಸುತ್ತಿದ್ದನು. ಹತ್ತಿರ ಹೋಗಿ ನೋಡಿದರೆ ಅವನ ಮುಖವು ತಮ್ಮ ಮುಖವೇ ಆಗಿದ್ದಿತು. ಆ ಯೋಗಿಯ ಕನಸೇ ತಾವೆಂದೂ, ಅವನು ಎಚ್ಚೆತ್ತರೆ ತಾವಿರುವುದಿಲ್ಲವೆಂದೂ ತಿಳಿದು ಬೆಚ್ಚಿ ಎದ್ದರು.

೧೯೬೧ನೆಯ ಇಸವಿ ಜೂನ್ ೬ರಂದು ಯೂಂಗರು ಕ್ಯೂಸ್‌ನಾಕ್ಟಿನಲ್ಲಿ ತೀರಿಕೊಂಡರು. ಅಯ್ಯರವರು ಅದಕ್ಕೆ ಹನ್ನೆರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ಅಹಂಕಾರವಿಲ್ಲದೆ ಅರಿವಿಲ್ಲವೆಂದು ಪತ್ರಗಳಲ್ಲಿಯೂ ಲೇಖನಗಳಲ್ಲಿಯೂ ವಾದಿಸಿದವರಿಗೆ, ತಮ್ಮ ಅಹಂಕಾರವೇ ಮತ್ತೊಂದು ಅರಿವಿನ ಕನಸೆಂದು ಕಾಣಿಸಿದುದು ವಾದದಲ್ಲಿ ಸೋಲಲ್ಲ. ಕನಸು ಪ್ರಮಾಣವಾಗದೆಂದು ಅಯ್ಯರವರೂ ಹೇಳುತ್ತಿದ್ದರು. ಆದರೆ ಕ್ಯೂಸ್‌ನಾಕ್ಟಿನಲ್ಲಿಯೂ ಮೈಸೂರಿನಲ್ಲಿಯೂ ಚರ್ಚಿತವಾದ ಪ್ರಶ್ನೆಯು ಅವರನ್ನು ಬಿಟ್ಟುಹೋಗಿರಲಿಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಿದೆ.