ಮಳೆ ಬಂದಾಗ ಹೊಡೀಬೇಕಾ, ನಿಲ್ಲಬೇಕಾ?

ನನ್ನ ಮನೆ ಕೊಳ್ಳೇಗಾಲದಲ್ಲಿ, ತವರು ಹನೂರಿನ ಕಡೆ, ನಾದಿನಿಯನ್ನು ಕೊಟ್ಟಿರೋದು ಯಳಂದೂರಿಗೆ. ಮೂರೂ ಮನೆಯವರು ಒಂದು ಕಡೆ ಸೇರಿದರೆ ಮಾತು ಸುತ್ತಾಡಿ ಕಡೆಗೆ ಬಂದು ನಿಲ್ಲೋದು ಆರ್‌ಸಿಬಿ ಹತ್ತಿರವೇ. 2024ರ ಮೇ 18ರ ಶನಿವಾರವೂ ಹಾಗೇ ಆಯ್ತು. ಬೇಸಿಗೆ ರಜೆಗೆ ಎಲ್ಲರೂ ನನ್ನ ತವರಲ್ಲಿದ್ದೆವು. ಅವತ್ತು ಚಿನ್ನಸ್ವಾಮಿ ಮೈದಾನದಲ್ಲಿ ಚೆನ್ನೈ ಎದುರು ಪಂದ್ಯ. ಮಳೆಯಿಂದ ಪಂದ್ಯ ರದ್ದಾದರೆ ಚೆನ್ನೈ ಪ್ಲೇಆಫ್‌ಗೆ, ನಾವು ಮನೆಗೆ. ಬರೀ ಗೆದ್ದರೂ ಸಾಲದು. ಮೊದಲು ಬ್ಯಾಟ್ ಮಾಡಿ 200 ಹೊಡೆದರೆ 18 ರನ್‌ಗಳಿಂದ ಗೆಲ್ಲಬೇಕಿತ್ತು.

ಮಕ್ಕಳೆಲ್ಲ ಮಾದಪ್ಪನಿಗೆ ಕೈ ಮುಗಿದು 'ಬೆಂಗಳೂರಿಗೆ ಮಳೆ ಬೇಡ' ಅಂತಿದ್ರು. ನಮ್ಮಣ್ಣ ಜಗಲಿ ಮೇಲೆ ಕೂತು ಅದೇ ಮಾದಪ್ಪನಿಗೆ 'ಕೃತ್ತಿಕೆ ಮಳೆ ಕೊಡಪ್ಪ' ಅಂತಿದ್ದ. ಅವನದೂ ತಪ್ಪಲ್ಲ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಆ ವರ್ಷ ಅಣ್ಣ ಮೊದಲ ಮಳೆಗೇ ಇದ್ದಬದ್ದ ಹೊಲಕ್ಕೆಲ್ಲ ಮುಸುಕಿನ ಜೋಳ ಹಾಕಿದ್ದ. ಆಮೇಲೆ ಮಳೆ ಕೈಕೊಡ್ತು. ಅತ್ತಿಗೆಯ ನಾಲ್ಕು ಬಳೆ ಗಿರವಿಗೆ ಹೋದವು.

ಪಂದ್ಯ ಶುರುವಾಯ್ತು. ಮೂರು ಓವರಿಗೆ ವಿಕೆಟ್ ಇಲ್ಲದೆ 31. ಅಷ್ಟರಲ್ಲಿ ಮಳೆ. ನಿಂತ ಮೇಲೆ ಪಿಚ್ಚೇ ಬೇರೆ ಆಗಿತ್ತು. ಚೆನ್ನೈನ ಸ್ಪಿನ್ನರ್‌ಗಳ ಚೆಂಡು ತಿರುಗ್ತಾ ಇತ್ತು. ಕೊಹ್ಲಿ, ಡುಪ್ಲೆಸಿ ಇಬ್ಬರೂ ಬ್ಯಾಟು ಬೀಸೋದು ನಿಲ್ಲಿಸಿದರು. ಪವರ್‌ಪ್ಲೇ ಮುಗಿದಾಗ 42. ಅಂದ್ರೆ ಮಳೆ ನಿಂತ ಮೇಲಿನ ಮೂರು ಓವರಿಗೆ ಹನ್ನೊಂದೇ ರನ್ನು!

ನನ್ನ ಮಗ ಕುದ್ದುಹೋದ. "ಟೆಸ್ಟ್ ಆಡ್ತಾವ್ರಾ ಇವ್ರು? ಇನ್ನೊಂದ್ಸಲ ಮಳ ಬಂದ್ರ ಏನ್ ಮಾಡಾರು? ಹೊಡೀಬೇಕಪ್ಪ!"

ಯಳಂದೂರಿನ ಅಣ್ಣ, ಅಂದ್ರೆ ನಾದಿನಿಯ ಗಂಡ, ಅವನ ಪರವೇ. "ಕೈಲಿ ಹತ್ತು ವಿಕೆಟ್ ಮಡಿಕಂಡು ಪೂಜ ಮಾಡಾರಾ?"

ಜಗಲಿಯಿಂದ ನಮ್ಮಣ್ಣನ ದನಿ ಬಂತು. "ಹದ ನೋಡ್ತಾವ್ರ ಕನ್ಲಾ, ಸುಮ್ಕಿರಿ."

ಫುಟ್‌ಬಾಲ್ ಆದ್ರೆ ಮಳೆಯಲ್ಲೂ ಆಟ ನಿಲ್ಲೋದಿಲ್ಲ. ಕೆಸರಾದರೆ ಎರಡೂ ತಂಡಕ್ಕೆ ಒಂದೇ ಕೆಸರು. ಕ್ರಿಕೆಟ್‌ನಲ್ಲಿ ಹಾಗಲ್ಲ. ಮಳೆ ಬಂದರೆ ಓವರ್ ಕಡಿಮೆಯಾಗಬಹುದು, ಪಿಚ್ ಬದಲಾಗಬಹುದು, ಲೆಕ್ಕವೇ ತಲೆಕೆಳಗಾಗಬಹುದು. ಆ ಹೊತ್ತಿಗೆ 140–150 ಆದರೆ ಸಾಕು ಅಂತ ತಾನೂ ಕೊಹ್ಲಿಯೂ ಮಾತಾಡ್ಕೊಂಡಿದ್ದಾಗಿ ಡುಪ್ಲೆಸಿ ಆಮೇಲೆ ಹೇಳಿದರು. ಆದರೆ ವಿಕೆಟ್ ಉಳಿದಿದ್ದವಲ್ಲ, ಉಳಿದ 14 ಓವರಿಗೆ 176 ರನ್ ಬಂತು, ಒಟ್ಟು 218. ಚೆನ್ನೈ 201 ಮುಟ್ಟಿದ್ದರೆ ಸೋತರೂ ಒಳಗೆ ಹೋಗ್ತಿತ್ತು. ಕೊನೇ ಓವರಿಗೆ ಅದಕ್ಕೆ ಬೇಕಿದ್ದು 17. ಮೊದಲ ಚೆಂಡನ್ನು ಧೋನಿ 110 ಮೀಟರ್ ದೂರಕ್ಕೆ, ಮೈದಾನದಿಂದ ಆಚೆಗೇ ಎತ್ತಿದರು. ಒದ್ದೆ ಚೆಂಡು ಹೋಗಿ ಒಣಗಿದ್ದು ಬಂತು. ಮುಂದಿನ ಎಸೆತಕ್ಕೇ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದ. 27 ರನ್‌ಗಳ ಗೆಲುವು. ಬೀದಿಯಲ್ಲಿ ಪಟಾಕಿ.

ಮಾರನೇ ಬೆಳಗ್ಗೆ ಅಣ್ಣನ ಜೊತೆ ಹೊಲಕ್ಕೆ ಹೋದೆ. ರಾತ್ರಿ ನಮ್ಮಲ್ಲೂ ಒಂದಿಷ್ಟು ಹನಿದಿತ್ತು. ಅವನು ಕೈಯಲ್ಲೇ ಮಣ್ಣು ಬಗೆದು, ತೇವ ಎಷ್ಟು ಆಳ ಇಳಿದಿದೆ ನೋಡಿದ. ಒಂದು ಗೇಣೂ ಇರಲಿಲ್ಲ. ಅವನ ಮಗ "ಈ ಸಲ ಮಳ ಚೆಂದಾಗ್ ಬತ್ತದಂತ, ಎಲ್ಲಾನೂ ಬಿತ್ಬುಡಪ್ಪ" ಅಂದ. ಅಣ್ಣ ಕೇಳಲಿಲ್ಲ. ಇನ್ನೊಂದು ಮಳೆ ಬಿದ್ದ ಮೇಲೂ ಅರ್ಧ ಹೊಲ ಮಾತ್ರ ಬಿತ್ತಿದ.

ಆ ವರ್ಷ ಮಳೆ ಚೆನ್ನಾಗೇ ಆಯ್ತು. ಪೂರ್ತಿ ಬಿತ್ತಿದ್ದ ಪಕ್ಕದ ಹೊಲದವರಿಗೆ ನಮಗಿಂತ ಹೆಚ್ಚು ಬಂತು. ಅಣ್ಣ ಎರಡು ಬಳೆ ಬಿಡಿಸ್ಕೊಂಡು ಬಂದ. ಇನ್ನೆರಡು ಅಲ್ಲೇ ಉಳಿದವು.

2025ರ ಏಪ್ರಿಲ್ 18ಕ್ಕೆ ಮತ್ತೆ ಅದೇ ಮೈದಾನ, ಮತ್ತೆ ಮಳೆ. ಪಂಜಾಬ್ ಎದುರು 14 ಓವರಿನ ಪಂದ್ಯ. ಈ ಸಲ ನಮ್ಮವರು ಬಂದವರು ಬಂದಂಗೆ ಬೀಸಿದರು. ಟಿಮ್ ಡೇವಿಡ್ ಒಬ್ಬ 50 ಹೊಡೆದಿದ್ದಕ್ಕೆ 9 ವಿಕೆಟ್‌ಗೆ 95 ಆಯ್ತು. ಸೋತರು. ಹೊಡೀಬೇಕು ಅಂತಿದ್ದ ನನ್ನ ಮಗನೇ "ಒಸಿ ನಿಂತ್ಕಂಡು ಆಡಕಾಗಲ್ವಾ?" ಅಂದ!

ಅಣ್ಣ ನಕ್ಕ. "ಯಳಂದೂರ್ ಭಾವಂಗೆ ಸುವರ್ಣಾವತಿ ನೀರದ, ಅವ್ನು ಬೀಸ್ಬೋದು. ನಾವು ಆಕಾಸ ನೋಡ್ಕಂಡು ಆಡೋರು."

ಮಗ ಬಿಡಲಿಲ್ಲ. "ಮಾವ, ಹೋದ್ವರ್ಸ ಪೂರ್ತಿ ಬಿತ್ತಿದ್ರ ನಾಕೂ ಬಳ ಬತ್ತಿದ್ವಲ್ಲ?"

ಅಣ್ಣ ಉತ್ತರ ಕೊಡಲಿಲ್ಲ. ಅಡುಗೆಮನೆಯಿಂದ ಅತ್ತಿಗೆ ಅಂದಳು: "ಮಳ ಬರ್ದಿದ್ರ ಈ ಎಲ್ಡೂ ಇರ್ತಿರ್ನಿಲ್ಲ ಕನಪ್ಪ."

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಆದರೂ ನನ್ನ ಮಗ ಇವತ್ತಿಗೂ ಒಪ್ಪಿಲ್ಲ. ನಿಮ್ಮ ಮನೆಯಲ್ಲಿ 'ಹೊಡಿ' ಅನ್ನೋರು ಯಾರು, 'ನಿಲ್ಲು' ಅನ್ನೋರು ಯಾರು? ಬರೆದು ತಿಳಿಸಿ.