ಸ್ತ್ರೀವರ್ಗದ ಕ್ರೀಡೆಯೂ ಲಿಂಗನಿರ್ಣಯವೂ

ಹೆಂಡತಿ ಎಂಬ ಒಂದೇ ಅರ್ಥವುಳ್ಳ ಮೂರು ಶಬ್ದಗಳಲ್ಲಿ 'ಭಾರ್ಯಾ' ಎಂಬುದು ಸಂಸ್ಕೃತದಲ್ಲಿ ಸ್ತ್ರೀಲಿಂಗವಾಗಿಯೂ, 'ದಾರ' ಎಂಬುದು ಪುಲ್ಲಿಂಗವಾಗಿಯೂ, 'ಕಲತ್ರ' ಎಂಬುದು ನಪುಂಸಕಲಿಂಗವಾಗಿಯೂ ಇರುವ ವಿಚಿತ್ರವನ್ನು ವ್ಯಾಕರಣ ಬೋಧಿಸುವವರೆಲ್ಲರೂ ಬಲ್ಲರು. ಕನ್ನಡವು ಈ ತೊಡಕನ್ನು ಒಪ್ಪಲಿಲ್ಲ. ನಮ್ಮಲ್ಲಿ ಲಿಂಗವು ಶಬ್ದವನ್ನನುಸರಿಸದೆ ಅರ್ಥವನ್ನನುಸರಿಸುವುದು. ಆದರೆ ಈಚೆಗೆ ಆ 'ಲಿಂಗ'ವೆಂಬ ಒಂದೇ ಮಾತಿನ ಮೇಲೆ ನಾವು ಬಹಳ ಹೊರೆಯನ್ನು ಹೊರಿಸಿದ್ದೇವೆ. ವ್ಯಾಕರಣದ ವಿಭಾಗ, ದೇಹದ ರಚನೆ, ಒಬ್ಬ ವ್ಯಕ್ತಿಯು ತಾನು ಹೆಣ್ಣು ಅಥವಾ ಗಂಡು ಎಂದು ಅಂತರಂಗದಲ್ಲಿ ಅರಿತುಕೊಂಡಿರುವ ಭಾವ, ಸರ್ಕಾರದ ಕಾಗದಪತ್ರಗಳಲ್ಲಿ ಬರೆದಿರುವ ಗುರುತು, ಈ ನಾಲ್ಕೂ ಆ ಒಂದು ಶಬ್ದದಲ್ಲಿಯೇ ಅಡಗಿವೆ. 'ಲಿಂಗತ್ವ' ಎಂಬ ಹೊಸ ರೂಪವು ಬಳಕೆಗೆ ಬಂದಿದ್ದರೂ ಅದನ್ನು ಎಲ್ಲರೂ ಒಂದೇ ಅರ್ಥದಲ್ಲಿ ಪ್ರಯೋಗಿಸುತ್ತಿಲ್ಲ. ಗಂಡಾಗಿ ಹುಟ್ಟಿದರೆಂದು ದಾಖಲೆಯಾಗಿ, ಅನಂತರ ಸ್ತ್ರೀಯರಾಗಿ ಬಾಳುತ್ತಿರುವ ಲಿಂಗಪರಿವರ್ತಿತರು ಸ್ತ್ರೀಯರ ಪಂದ್ಯಗಳಲ್ಲಿ ಸ್ಪರ್ಧಿಸಬಹುದೇ ಎಂಬ ವಿವಾದದಲ್ಲಿ ಕಂಡುಬರುವ ಗೊಂದಲಕ್ಕೆ ಈ ಶಬ್ದಸಾಂಕರ್ಯವೂ ಒಂದು ಕಾರಣವೆಂದು ನನಗೆ ತೋರುವುದರಿಂದ, ವಿಷಯವನ್ನು ಬಿಡಿಸಿ ನೋಡುವುದು ಅವಶ್ಯಕ.

ಮೊದಲು, ಕ್ರೀಡೆಯಲ್ಲಿ ಸ್ತ್ರೀವರ್ಗವೆಂಬುದು ಏಕೆ ಇದೆ? ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂತಹ ಒಂದು ಗ್ರಾಮದ ಶಾಲೆಯನ್ನು ತೆಗೆದುಕೊಳ್ಳೋಣ. ಅಲ್ಲಿಯ ಮಕ್ಕಳು ಹೋಬಳಿಯ ಕ್ರೀಡಾಕೂಟಕ್ಕೂ, ಗೆದ್ದರೆ ತಾಲ್ಲೂಕು ಜಿಲ್ಲೆಗಳ ಕೂಟಗಳಿಗೂ ಹೋಗುವರು. ಹದಿನಾಲ್ಕು ವರ್ಷದೊಳಗಿನವರು ಒಂದು ವರ್ಗ, ಹದಿನೇಳರೊಳಗಿನವರು ಇನ್ನೊಂದು ವರ್ಗ. ಕುಸ್ತಿಯಲ್ಲಿ ಇದರ ಮೇಲೆ ತೂಕದ ವಿಭಾಗವೂ ಉಂಟು. ಹದಿನಾರು ವರ್ಷದ ಹುಡುಗನನ್ನು ಕಿರಿಯರ ಓಟಕ್ಕೆ ಸೇರಿಸದಿದ್ದರೆ ಅವನ ಮನುಷ್ಯತ್ವಕ್ಕೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ. ಯಾವ ದೇಹಬಲದ ಅಂತರದಿಂದ ಕಿರಿಯರನ್ನು ಕಾಪಾಡಬೇಕೆಂದು ಆ ವರ್ಗವನ್ನು ಮಾಡಿದರೋ, ಆ ಅಂತರವು ಅವನಲ್ಲಿದೆ ಎಂಬಷ್ಟೇ ಅದರ ಅರ್ಥ. ಸ್ತ್ರೀವರ್ಗವೂ ಇಂತಹುದೇ ಒಂದು ಆವರಣ. ಹರೆಯವು ಬರುವ ಮುನ್ನ ಹುಡುಗ ಹುಡುಗಿಯರ ಓಟದ ವೇಗದಲ್ಲಿ ಭೇದವು ಅಲ್ಪ. ಹರೆಯದಲ್ಲಿ ವೃಷಣಗಳಿಂದ ಸ್ರವಿಸುವ ಟೆಸ್ಟೋಸ್ಟಿರೋನ್ ಎಂಬ ರಸವು ಗಂಡಿನ ಎತ್ತರ, ಎಲುಬು, ಸ್ನಾಯು, ಹೃದಯ, ರಕ್ತದ ಕೆಂಪುಕಣ ಇವೆಲ್ಲವನ್ನೂ ಹೆಚ್ಚಿಸುವುದು. ಇದರ ಫಲವನ್ನು ಜಾಗತಿಕ ದಾಖಲೆಗಳಲ್ಲಿಯೇ ಕಾಣಬಹುದು. ನೂರು ಮೀಟರ್ ಓಟದಲ್ಲಿ ಪುರುಷರ ದಾಖಲೆ ೯.೫೮ ಸೆಕೆಂಡು, ಸ್ತ್ರೀಯರದು ೧೦.೪೯, ಉದ್ದಜಿಗಿತದಲ್ಲಿ ಪುರುಷರದು ೮.೯೫ ಮೀಟರ್, ಸ್ತ್ರೀಯರದು ೭.೫೨. ಓಟದಲ್ಲಿ ನೂರಕ್ಕೆ ಒಂಬತ್ತರ ಮೇಲೆ, ಜಿಗಿತದಲ್ಲಿ ಹತ್ತೊಂಬತ್ತರಷ್ಟು ಅಂತರ. ವರ್ಗವನ್ನು ತೆಗೆದುಹಾಕಿದರೆ ಅತ್ಯಂತ ಸಮರ್ಥಳಾದ ಸ್ತ್ರೀಗೂ ಅಂತಿಮ ಸುತ್ತಿನಲ್ಲಿ ಸ್ಥಳ ದೊರೆಯದು.

ಇಷ್ಟನ್ನು ಒಪ್ಪಿದ ಮೇಲೆ, ಆವರಣದ ಬಾಗಿಲಲ್ಲಿ ಯಾರನ್ನು ಹೇಗೆ ಪರೀಕ್ಷಿಸಬೇಕೆಂಬ ಪ್ರಶ್ನೆ ಏಳುವುದು. ಇಲ್ಲಿಯೇ ಬಹಳ ಅನ್ಯಾಯ ನಡೆದಿರುವುದು. ಅದರ ಒಂದು ಅಧ್ಯಾಯವು ನಮ್ಮ ಬೆಂಗಳೂರಿನಲ್ಲಿ ನಡೆಯಿತು. ಒಡಿಶಾದ ಜಾಜಪುರ ಜಿಲ್ಲೆಯ ನೇಕಾರ ದಂಪತಿಗಳ ಮಗಳಾದ ದ್ಯುತಿ ಚಂದ್ ಅವರು ೨೦೧೪ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಸಿದ್ಧರಾಗುತ್ತಿದ್ದಾಗ ಅವರಿಗೆ ಹದಿನೆಂಟು ವರ್ಷ. (ಮಗ್ಗದ ಸದ್ದಿನಲ್ಲಿಯೇ ಬೆಳೆಯುವ ಮಕ್ಕಳು ದೊಡ್ಡಬಳ್ಳಾಪುರದಲ್ಲಿಯೂ ಎಷ್ಟೋ ಮಂದಿ, ಆ ಮನೆಗಳ ಹುಡುಗಿಗೆ ಓಟವು ಎಂತಹ ದಾರಿ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.) ಅವರನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕಳುಹಿಸಿ ರಕ್ತ, ವರ್ಣತಂತು, ಅಂಗರಚನೆ ಇವನ್ನೆಲ್ಲ ಪರೀಕ್ಷಿಸಿದರು. ಅವರ ದೇಹದಲ್ಲಿ ಸ್ವಭಾವತಃ ಟೆಸ್ಟೋಸ್ಟಿರೋನ್ ಅಧಿಕವೆಂದು ಹೇಳಿ, ತಂಡದಿಂದ ಕೈಬಿಟ್ಟರು. ಆ ಸುದ್ದಿಯು ಪತ್ರಿಕೆಗಳಿಗೂ ಹೋಯಿತು. ದ್ಯುತಿಯವರು ಲಿಂಗಪರಿವರ್ತಿತರಲ್ಲ, ಹೆಣ್ಣಾಗಿಯೇ ಹುಟ್ಟಿ ಹೆಣ್ಣಾಗಿಯೇ ಬೆಳೆದವರು. ಇದಕ್ಕೆ ಎಂಟು ವರ್ಷಗಳ ಹಿಂದೆ, ೨೦೦೬ರ ದೋಹಾ ಏಷ್ಯನ್ ಕೂಟದಲ್ಲಿ ೮೦೦ ಮೀಟರ್ ಓಟದ ಬೆಳ್ಳಿಯ ಪದಕವನ್ನು ಗೆದ್ದ ತಮಿಳುನಾಡಿನ ಶಾಂತಿ ಸೌಂದರಾಜನ್ ಅವರು ಇಂತಹದೇ ಪರೀಕ್ಷೆಯಿಂದ ಪದಕವನ್ನೂ ವೃತ್ತಿಯನ್ನೂ ಕಳೆದುಕೊಂಡಿದ್ದರು. ದ್ಯುತಿಯವರು ಸುಮ್ಮನಾಗಲಿಲ್ಲ. ಲೋಸಾನ್ನಿನಲ್ಲಿರುವ ಕ್ರೀಡಾ ಮಧ್ಯಸ್ಥಿಕೆಯ ನ್ಯಾಯಾಲಯಕ್ಕೆ ಮೊರೆಹೋದರು.

೨೦೧೫ರ ಜುಲೈಯಲ್ಲಿ ಬಂದ ಆ ತೀರ್ಪು ಪ್ರಕೃತ ವಿಷಯಕ್ಕೆ ಅತ್ಯಂತ ಬೋಧಪ್ರದವಾದುದು. ಸ್ತ್ರೀವರ್ಗಕ್ಕೆ ಒಂದು ಗಡಿ ಬೇಕೆಂಬುದನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲ. ದೇಹಬಲದಲ್ಲಿ ಟೆಸ್ಟೋಸ್ಟಿರೋನಿಗೆ ಪಾತ್ರವಿಲ್ಲವೆಂದೂ ಹೇಳಲಿಲ್ಲ. ಗಂಡು ಹೆಣ್ಣುಗಳ ಸಾಧನೆಯಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಅಂತರವಿರುವಾಗ, ಸ್ವಭಾವತಃ ಅಧಿಕವಾದ ಟೆಸ್ಟೋಸ್ಟಿರೋನ್ ಉಳ್ಳ ಸ್ತ್ರೀಗೆ ಅದಕ್ಕೆ ಸರಿಸಮನಾದ ಲಾಭವು ದೊರೆಯುವುದೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು ಸಾಧಿಸಿ ತೋರಿಸಿಲ್ಲ. ಲಾಭವು ಒಂದೆರಡು ಪಾಲಿನಷ್ಟೇ ಆಗಿದ್ದರೆ ಒಬ್ಬಳನ್ನು ಹೊರದೂಡುವುದಕ್ಕೆ ಅದು ಸಾಲದು ಎಂಬುದು ತೀರ್ಪಿನ ಸಾರ. ನಿಯಮವನ್ನು ಎರಡು ವರ್ಷ ಅಮಾನತಿನಲ್ಲಿಟ್ಟರು. ದ್ಯುತಿಯವರು ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಓಡಿದರು. ೨೦೧೮ರ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. ಹೊರದೂಡುವವನ ಮೇಲೆಯೇ ಸಾಧಿಸುವ ಹೊಣೆ, ಅದೂ ಲಾಭವಿದೆ ಎಂದಷ್ಟೇ ಅಲ್ಲದೆ ಎಷ್ಟಿದೆ ಎಂದು ಸಾಧಿಸುವ ಹೊಣೆ: ಈ ಎರಡು ತತ್ತ್ವಗಳು ಬೆಂಗಳೂರಿನ ಆ ಪರೀಕ್ಷೆಯಿಂದ ಹೊರಟ ವಿವಾದದಲ್ಲಿ ಸ್ಥಿರಪಟ್ಟವು.

ಪರೀಕ್ಷೆಯ ಪೂರ್ವಚರಿತ್ರೆಯನ್ನೂ ಸಂಕ್ಷೇಪವಾಗಿ ಹೇಳಬೇಕು. ೧೯೬೮ರಿಂದ ಒಲಿಂಪಿಕ್ಸಿನಲ್ಲಿ ಸ್ತ್ರೀಯರೆಲ್ಲರ ವರ್ಣತಂತುಗಳನ್ನು ಪರೀಕ್ಷಿಸುತ್ತಿದ್ದರು. ೧೯೮೫ರಲ್ಲಿ ಸ್ಪೇನಿನ ಮರಿಯಾ ಹೊಸೆ ಮಾರ್ಟಿನೆಸ್ ಪತಿನ್ಯೊ ಎಂಬವರಿಗೆ ಗಂಡಸಿನ ವರ್ಣತಂತುಗಳಿವೆಯೆಂದು ಗೊತ್ತಾಯಿತು. ಆದರೆ ಅವರ ದೇಹವು ಟೆಸ್ಟೋಸ್ಟಿರೋನಿಗೆ ಸ್ಪಂದಿಸುವಂತಹುದೇ ಅಲ್ಲ. ಆದಕಾರಣ ಅದರಿಂದ ಎಳ್ಳಷ್ಟೂ ಲಾಭವಿರಲಿಲ್ಲ. ಆದರೂ ಅವರು ಮಾನವನ್ನು ಬೀದಿಗೆ ತಂದುಕೊಂಡು ಹೋರಾಡಬೇಕಾಯಿತು. ಸ್ಪರ್ಧಿಸುವ ಹಕ್ಕು ಮರಳಿದುದು ೧೯೮೮ರಲ್ಲಿ. ೧೯೯೬ರ ಅಟ್ಲಾಂಟಾ ಕೂಟದಲ್ಲಿ ಪರೀಕ್ಷಿತರಾದ ೩೩೮೭ ಸ್ತ್ರೀಯರಲ್ಲಿ ಎಂಟು ಮಂದಿಯಲ್ಲಿ ಇಂತಹ ಭೇದ ಕಂಡಿತು. ಎಂಟು ಮಂದಿಗೂ ಸ್ಪರ್ಧಿಸಲು ಅನುಮತಿ ದೊರೆಯಿತು. ೧೯೯೯ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ೨೦೨೫ರ ಸೆಪ್ಟೆಂಬರ್ ೧ರಿಂದ ಜನ್ಮಕ್ಕೊಮ್ಮೆ ಮಾಡಿಸಬೇಕಾದ ಜೀನ್ ಪರೀಕ್ಷೆಯ ರೂಪದಲ್ಲಿ ಅದನ್ನು ಮತ್ತೆ ಜಾರಿಗೆ ತಂದಿತು. ಜೀನು ಇದೆ ಇಲ್ಲ ಎಂಬುದನ್ನು ಪರೀಕ್ಷೆ ಹೇಳಬಲ್ಲದು. ದೇಹವು ಅದರಿಂದ ಏನನ್ನು ಪಡೆಯಿತೆಂಬುದನ್ನು ಹೇಳಲಾರದು.

ಇನ್ನು ಲಿಂಗಪರಿವರ್ತಿತ ಸ್ತ್ರೀಯರ ವಿಷಯ. ಇವರ ಪ್ರಶ್ನೆಯು ದ್ಯುತಿಯವರ ಪ್ರಶ್ನೆಗಿಂತ ಬೇರೆ. ಇಲ್ಲಿ ಅನೇಕರು ಗಂಡಿನ ಹರೆಯವನ್ನು ಪೂರ್ಣವಾಗಿ ಕಳೆದ ಮೇಲೆ ಪರಿವರ್ತನೆಗೊಂಡವರು. ಒಲಿಂಪಿಕ್ ಸಮಿತಿಯು ೨೦೦೩ರಲ್ಲಿ ಶಸ್ತ್ರಚಿಕಿತ್ಸೆಯನ್ನೂ ಎರಡು ವರ್ಷಗಳ ಅವಧಿಯನ್ನೂ ವಿಧಿಸಿತ್ತು. ೨೦೧೫ರಲ್ಲಿ ಶಸ್ತ್ರಚಿಕಿತ್ಸೆಯನ್ನು ಬಿಟ್ಟು, ಒಂದು ಲೀಟರಿಗೆ ೧೦ ನ್ಯಾನೋಮೋಲಿಗಿಂತ ಕಡಮೆ ಟೆಸ್ಟೋಸ್ಟಿರೋನ್ ಹನ್ನೆರಡು ತಿಂಗಳಿದ್ದರೆ ಸಾಕೆಂದಿತು. ಸ್ತ್ರೀಯರಲ್ಲಿ ಇದರ ಪ್ರಮಾಣವು ಸಾಮಾನ್ಯವಾಗಿ ೨ಕ್ಕಿಂತಲೂ ಕಡಮೆ ಎಂಬುದನ್ನು ಗಮನಿಸಿದರೆ ಈ ಗಡಿಯು ಬಹಳ ಸಡಿಲವಾದುದು. ಈ ಅವಧಿಯಲ್ಲಿ ದೇಹಕ್ಕೆ ಏನಾಗುವುದು? ಔಷಧದಿಂದ ರಕ್ತದ ಹಿಮೋಗ್ಲೋಬಿನ್ ಮೂರು ನಾಲ್ಕು ತಿಂಗಳಲ್ಲಿಯೇ ಸ್ತ್ರೀಯರ ಮಟ್ಟಕ್ಕಿಳಿಯುವುದು. ಸ್ನಾಯುವು ಹಾಗಲ್ಲ, ವರ್ಷವೊಂದರಲ್ಲಿ ನೂರಕ್ಕೆ ಐದರಷ್ಟು ಮಾತ್ರ ಕುಗ್ಗುವುದೆಂದು ೨೦೨೧ರ ಒಂದು ಸಮೀಕ್ಷೆಯು ತೋರಿಸಿತು. ಎತ್ತರವೂ ಎಲುಬಿನ ಉದ್ದವೂ ಬದಲಾಗುವುದೇ ಇಲ್ಲ. ಅಮೆರಿಕದ ವಾಯುಸೇನೆಯ ಸಿಬ್ಬಂದಿಯ ದಾಖಲೆಗಳನ್ನಾಧರಿಸಿ ೨೦೨೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳಾದ ಮೇಲೆ ದಂಡ ಹೊಡೆಯುವುದರಲ್ಲಿದ್ದ ಹೆಚ್ಚಳವು ಮಾಯವಾಗಿದ್ದರೂ, ಒಂದೂವರೆ ಮೈಲಿಯ ಓಟದಲ್ಲಿ ನೂರಕ್ಕೆ ಹನ್ನೆರಡರಷ್ಟು ವೇಗವು ಉಳಿದಿತ್ತು. ಇವರಾರೂ ಪಳಗಿದ ಕ್ರೀಡಾಪಟುಗಳಲ್ಲ ಎಂಬ ಆಕ್ಷೇಪವು ಸಾಧುವೇ. ಆದರೂ ಸಾಕ್ಷ್ಯವು ಯಾವ ಕಡೆಗೆ ವಾಲುತ್ತಿದೆ ಎಂಬುದು ಸ್ಪಷ್ಟ: ಲಾಭದ ಒಂದಂಶವು ಅಳಿಯುವುದು, ಒಂದಂಶವು ಉಳಿಯುವುದು.

ಇದನ್ನೇ ಆಧಾರವಾಗಿಟ್ಟು ಈಜಿನ ವಿಶ್ವಸಂಸ್ಥೆಯು ೨೦೨೨ರ ಜೂನ್‌ನಲ್ಲಿಯೂ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ೨೦೨೩ರ ಮಾರ್ಚಿಯಲ್ಲಿಯೂ, ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಲಿಯು ಅದೇ ವರ್ಷದ ನವೆಂಬರಿನಲ್ಲಿಯೂ, ಗಂಡಿನ ಹರೆಯವನ್ನು ಕಳೆದವರನ್ನು ಅಂತರರಾಷ್ಟ್ರೀಯ ಸ್ತ್ರೀಪಂದ್ಯಗಳಿಂದ ಹೊರಗಿಟ್ಟವು. ಇದರ ಮುಂದೆ ಇನ್ನೊಂದು ಸತ್ಯವನ್ನೂ ಇಡಬೇಕು. ಅಥ್ಲೆಟಿಕ್ಸ್ ಸಂಸ್ಥೆಯು ಆ ನಿಯಮವನ್ನು ಮಾಡಿದಾಗ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅಂತಹವರು ಒಬ್ಬರೂ ಇಲ್ಲವೆಂದು ಅದರ ಅಧ್ಯಕ್ಷರೇ ಹೇಳಿದ್ದರು. ಟೋಕಿಯೋದಲ್ಲಿ ೨೦೨೧ರಲ್ಲಿ ಭಾರ ಎತ್ತಿದ ನ್ಯೂಜಿಲೆಂಡಿನ ಲಾರೆಲ್ ಹಬರ್ಡ್ ಅವರು ಮೂರು ಯತ್ನಗಳಲ್ಲಿಯೂ ವಿಫಲರಾದರು. ಸ್ತ್ರೀಕ್ರೀಡೆಯನ್ನು ಇವರು ಸೂರೆಗೊಳ್ಳುವರೆಂಬ ಕೂಗಿಗೆ ಈ ಸಂಖ್ಯೆಗಳು ಆಧಾರ ಕೊಡುವುದಿಲ್ಲ. ಈಜಿನ ಸಂಸ್ಥೆಯು ಇವರಿಗಾಗಿ ಬರ್ಲಿನ್ನಿನಲ್ಲಿ ೨೦೨೩ರ ಅಕ್ಟೋಬರಿನಲ್ಲಿ ಏರ್ಪಡಿಸಿದ ಮುಕ್ತವರ್ಗಕ್ಕೆ ಒಂದು ಹೆಸರೂ ಬರಲಿಲ್ಲ. ಬೇರೊಂದು ಕೋಣೆಯನ್ನು ಕಟ್ಟಿಕೊಟ್ಟ ಮಾತ್ರಕ್ಕೆ ಮನ್ನಣೆ ದೊರೆತಂತಾಗದು.

ಕುಮಾರವ್ಯಾಸನ ಭೀಷ್ಮಪರ್ವವನ್ನು ಪಾಠ ಹೇಳುವವರಿಗೆ ಇಲ್ಲಿ ಶಿಖಂಡಿಯ ನೆನಪು ಬಾರದಿರದು. ಶಿಖಂಡಿಯು ರಣರಂಗದಲ್ಲಿ ಪುರುಷನೇ ಆಗಿದ್ದರೂ, ಹಿಂದೆ ಹೆಣ್ಣಾಗಿದ್ದನೆಂಬ ಕಾರಣದಿಂದ ಭೀಷ್ಮನು ಬಾಣವನ್ನೆತ್ತಲಿಲ್ಲ. ಅವನು ನೋಡಿದುದು ದೇಹದ ಪೂರ್ವವೃತ್ತವನ್ನು, ವರ್ತಮಾನವನ್ನಲ್ಲ. ೨೦೧೫ರ ನಿಯಮವು ವರ್ತಮಾನದ ರಸಪ್ರಮಾಣವನ್ನು ನೋಡಿತು. ೨೦೨೩ರ ನಿಯಮವು ಪೂರ್ವವೃತ್ತವನ್ನು ನೋಡಿತು. ಸಾಮ್ಯವು ಇಲ್ಲಿಗೆ ಮುಗಿಯುವುದು. ಭೀಷ್ಮನದು ಸ್ವಂತ ವ್ರತ, ಅದರ ನಷ್ಟವನ್ನು ಅವನೇ ಹೊತ್ತನು. ಕ್ರೀಡಾಸಂಸ್ಥೆಯ ವ್ರತದ ನಷ್ಟವನ್ನು ಹೊರುವವರು ಬೇರೆಯವರು.

ನಮ್ಮ ನಾಡಿನಲ್ಲಿ ಮನ್ನಣೆಯ ಪ್ರಶ್ನೆಯು ಬೇರೆ ಹಾದಿಯಲ್ಲಿ ಸಾಗಿದೆ. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯು ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳಬಹುದೆಂದು ತೀರ್ಪಿತ್ತಿತು. ಕರ್ನಾಟಕವು ೨೦೨೧ರಲ್ಲಿ ಸರ್ಕಾರೀ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೊಂದು ಸ್ಥಾನವನ್ನು ಮೀಸಲಿಟ್ಟಿತು. ಆಗ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರು ಅದೇ ವರ್ಷ ಪದ್ಮಶ್ರೀಯನ್ನು ಪಡೆದರು. ಇವೆಲ್ಲವೂ ಗೌರವಕ್ಕೂ ಜೀವನೋಪಾಯಕ್ಕೂ ಸಂಬಂಧಪಟ್ಟವು. ಅಲ್ಲಿ ಸ್ನಾಯುವಿನ ಅಳತೆಯನ್ನು ಕೇಳುವುದು ಅಸಂಗತ. ಹಾಗೆಯೇ ಅಂತರರಾಷ್ಟ್ರೀಯ ನೂರು ಮೀಟರಿನ ಗೆರೆಯ ಮೇಲೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವೊಂದೇ ಸಾಕೆನ್ನುವುದೂ ಅಸಂಗತವೆಂದು ನನ್ನ ಮತ. ಆ ಪತ್ರವು ಅಂತರಂಗದ ಭಾವಕ್ಕೆ ಸಾಕ್ಷಿ. ಗೆರೆಯ ಮೇಲಿನ ವಾದವಾದರೋ ಹರೆಯದ ದೇಹವನ್ನು ಕುರಿತದ್ದು. ಇದನ್ನು ಒಪ್ಪದವರಲ್ಲಿ ಕೆಲವರು, ಎತ್ತರದ ಬಾಸ್ಕೆಟ್‌ಬಾಲ್ ಆಟಗಾರ್ತಿಯ ಎತ್ತರವೂ ಹುಟ್ಟಿನ ಲಾಭವೇ ಅಲ್ಲವೆ ಎಂದು ಕೇಳುವರು. ಅಹುದು; ಆದರೆ ಎತ್ತರದ ಮೇಲೆ ಆ ಆಟದಲ್ಲಿ ವರ್ಗಗಳನ್ನು ಮಾಡಿಲ್ಲ, ಗಂಡಿನ ಹರೆಯದ ಮೇಲೆ ಮಾಡಿದ್ದಾರೆ.

ಅದೇ ತರ್ಕವು ಎದುರು ದಿಕ್ಕಿಗೂ ಸಲ್ಲಬೇಕು. ಹೊರಗಿಡುವ ಕಾರಣವು ಹರೆಯವಾಗಿದ್ದರೆ, ಹರೆಯವಿಲ್ಲದೆಡೆಯಲ್ಲಿ ಹೊರಗಿಡಲು ಕಾರಣವಿಲ್ಲ. ೨೦೨೩ರ ಅಥ್ಲೆಟಿಕ್ಸ್ ನಿಯಮವೂ ಗಂಡಿನ ಹರೆಯವನ್ನು ಕಾಣದವರನ್ನು ತಡೆಯಲಿಲ್ಲ. ಪದಕವೂ ನೌಕರಿಯೂ ಪಣವಾಗಿಲ್ಲದ ಊರಾಟಗಳಲ್ಲಿ ವಿಶ್ವಸಂಸ್ಥೆಗಳ ನಿಯಮವನ್ನು ತಂದು ಹಚ್ಚುವುದು ಅನಾವಶ್ಯಕ. ಹೋಬಳಿಯ ಕ್ರೀಡಾಕೂಟದಲ್ಲಿ ಕಿರಿಯರ ಪಟ್ಟಿಯನ್ನು ಬರೆಯುವ ಉಪಾಧ್ಯಾಯರ ಮುಂದೆ ಹತ್ತು ವರ್ಷದ ಮಗುವೊಂದು ಹುಡುಗಿಯರ ಸಾಲಿನಲ್ಲಿ ನಿಂತರೆ, ಅದರ ದೇಹವನ್ನು ಪರೀಕ್ಷಿಸುವುದಕ್ಕೆ ಶರೀರಶಾಸ್ತ್ರವು ಅವರಿಗೆ ಯಾವ ಆಧಾರವನ್ನೂ ಕೊಡುವುದಿಲ್ಲ.